ಬಿಸಿಯಾದರೆ ನಿಲ್ಲುವ ಕ್ಯಾರಿಯರ್: ಯುದ್ಧಕಾಲದ ಟ್ರ್ಯಾಕ್ ಗಾಡಿಯ ದೋಷ ಹುಡುಕುವುದು, ಊರು ಕೇರಿ ಪತ್ತೆ ಹಚ್ಚುವುದು

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಟೆಂಪರೇಚರ್ ಮುಳ್ಳು ಏರುತ್ತದೆ, ಎಂಜಿನ್ ಕೆಮ್ಮಲು ಶುರುಮಾಡುತ್ತದೆ, ನಿಂತುಹೋಗುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಪ್ರಯೋಜನವಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಇದರ ಜೊತೆಗೆ ಇನ್ನೊಂದು ಮಾತು ಬಂದೇ ಬರುತ್ತದೆ: ‘ಗಾಡಿ ಸ್ವಲ್ಪ ಎಡಕ್ಕೆ ಎಳೀತಿದೆ.’

ಗಾಡಿ ಅಂದರೆ ಇಲ್ಲಿ ಯೂನಿವರ್ಸಲ್ ಕ್ಯಾರಿಯರ್. ‘ಬ್ರೆನ್ ಗನ್ ಕ್ಯಾರಿಯರ್’ ಅಂದರೆ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್, ಕೆನಡಾ, ಆಸ್ಟ್ರೇಲಿಯಾ, ಭಾರತೀಯ ಸೇನೆಗಳೆಲ್ಲ ಬಳಸಿದ, ಮೇಲೆ ಮುಚ್ಚಳವಿಲ್ಲದ, ತಗ್ಗಾದ ಪುಟ್ಟ ಟ್ರ್ಯಾಕ್ ಗಾಡಿ. ಉದ್ದ ಹನ್ನೆರಡು ಅಡಿ, ತೂಕ ನಾಲ್ಕು ಟನ್ನಿಗೆ ಸ್ವಲ್ಪ ಕಮ್ಮಿ, ತಗಡಿನ ದಪ್ಪ 7ರಿಂದ 10 ಮಿಲಿಮೀಟರ್. ಎಲ್ಲ ದೇಶಗಳ ಲೆಕ್ಕ ಸೇರಿಸಿದರೆ ಸುಮಾರು 1 ಲಕ್ಷ 13 ಸಾವಿರ ಕಟ್ಟಿದರು. ಕವಚವಿರುವ ಯುದ್ಧ ವಾಹನಗಳಲ್ಲಿ ಇಷ್ಟು ಸಂಖ್ಯೆಯಲ್ಲಿ ಬೇರಾವುದೂ ತಯಾರಾಗಿಲ್ಲ. ಹೊಟ್ಟೆಯಲ್ಲಿರುವುದು ಫೋರ್ಡಿನ ಸೈಡ್ ವಾಲ್ವ್ ವಿ8, 85 ಅಶ್ವಶಕ್ತಿ. ಲಾರಿಗೂ ಕಾರಿಗೂ ಹಾಕುತ್ತಿದ್ದ ಅದೇ ಎಂಜಿನ್. ಹಾಗಾಗಿ ಬಿಡಿಭಾಗ ಇವತ್ತಿಗೂ ಸಿಗುತ್ತದೆ, ಅದೊಂದು ಪುಣ್ಯ.

ಇಂಗ್ಲೆಂಡಿನಲ್ಲಿ ವಾರದ ಕೊನೆಗೆ ಶೆಡ್ಡಿಗೆ ಹೋಗಿ ಇಂಥ ಗಾಡಿಗಳಿಗೆ ಕೈ ಹಾಕುವವರಲ್ಲಿ ನಾನೂ ಒಬ್ಬ. ಈ ಬರಹ ಮುಖ್ಯವಾಗಿ ಮೇಲಿನ ದೂರಿನ ಬಗ್ಗೆ. ಆದರೆ ಗಾಡಿಯ ಸೇವಾ ಚರಿತ್ರೆ ಹುಡುಕುವ ಕೆಲಸವನ್ನೂ ಇದರಲ್ಲೇ ಸೇರಿಸಿದ್ದೇನೆ. ಯಾಕೆಂದರೆ ಈ ಗಾಡಿಗಳಲ್ಲಿ ಕಾಣುವ ಅರ್ಧದಷ್ಟು ದೋಷ ಫ್ಯಾಕ್ಟರಿಯದ್ದಲ್ಲ. ಸೇನೆಯ ವರ್ಕ್‌ಶಾಪು, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ರೈತ, ಆಮೇಲಿನ ಹವ್ಯಾಸಿ, ಹೀಗೆ ಯಾರೋ ಯಾವತ್ತೋ ಮಾಡಿದ ರಿಪೇರಿಯ ಬಾಕಿ ಅದು. ಆ ರಿಪೇರಿಗಳನ್ನು ಓದಿದರೆ ದೋಷವೂ ಸಿಗುತ್ತದೆ, ಗಾಡಿ ಎಲ್ಲೆಲ್ಲಿ ಇತ್ತು ಅನ್ನುವುದೂ ಸಿಗುತ್ತದೆ. ಎರಡಕ್ಕೂ ಒಂದೇ ನೋಟ್‌ಬುಕ್ ಸಾಕು.

ಕೈ ಹಾಕುವ ಮುಂಚೆ

ಮೊದಲು ಗಾಡಿಯನ್ನು ತೊಳೆಯಬೇಡಿ. ಸ್ಯಾಂಡ್‌ಬ್ಲಾಸ್ಟ್ ಅಂತೂ ಬೇಡವೇ ಬೇಡ. ಎಲ್ಲ ಕಡೆಯಿಂದ, ಒಳಗಿಂದಲೂ ಫೋಟೊ ತೆಗೆಯಿರಿ. ಯಾವ ಬೋಲ್ಟ್ ಉಳಿದವುಗಳಿಗಿಂತ ಹೊಸದು, ಎಲ್ಲಿ ವೆಲ್ಡಿಂಗ್ ಒರಟಾಗಿದೆ, ಎಲ್ಲಿ ವೈರಿಗೆ ಬೇರೆ ಬಣ್ಣದ ವೈರ್ ಸೇರಿಸಿದ್ದಾರೆ, ಎಲ್ಲ ಬರೆದಿಡಿ.

ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಬ್ರೇಕ್ ಲೈನಿಂಗಿನಲ್ಲೂ ಸೈಲೆನ್ಸರ್ ಗ್ಯಾಸ್ಕೆಟ್ಟಿನಲ್ಲೂ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಉಜ್ಜಬೇಡಿ, ಏರ್ ಹೊಡೆಯಬೇಡಿ. ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಮೀಟರಿದ್ದರೆ ಅದು ರೇಡಿಯಂ ಅಂತಲೇ ತಿಳಿಯಿರಿ, ಗಾಜು ಬಿಚ್ಚಬೇಡಿ. ತಳದ ಸಂದಿಯಲ್ಲಿ ಕೆಸರಿನ ಜೊತೆ ಗುಂಡು ಸಿಗುವುದೂ ಉಂಟು. ಖಾಲಿ ತೋಟಾ ಹೌದೋ ಅಲ್ಲವೋ ಅಂತ ಖಾತ್ರಿ ಇಲ್ಲದಿದ್ದರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದೇ ಸರಿ.

ನಿಂತ ಕೂಡಲೇ, ತಣ್ಣಗಾಗುವ ಮುಂಚೆ

ಈ ದೋಷದ ಸಾಕ್ಷಿ ಬಿಸಿಯಲ್ಲಿ ಮಾತ್ರ ಇರುತ್ತದೆ. ತಣ್ಣಗಾದ ಮೇಲೆ ಎಲ್ಲ ಪಾರ್ಟೂ ಸರಿಯಾಗಿಯೇ ಕೆಲಸ ಮಾಡುತ್ತದೆ. ಹಾಗಾಗಿ ಪ್ಲಗ್ ಸ್ಪ್ಯಾನರ್, ಸ್ಪಾರ್ಕ್ ಟೆಸ್ಟರ್, ಇನ್‌ಫ್ರಾರೆಡ್ ಥರ್ಮಾಮೀಟರ್, ಒದ್ದೆ ಬಟ್ಟೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲ ಗಾಡಿಯಲ್ಲೇ ಇಟ್ಟುಕೊಂಡು ಓಡಿಸಿ. ನಿಂತ ಕೂಡಲೇ ಕೆಲಸ ಶುರು.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಸ್ಸ್’ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚಿದಂತೆ ಪಂಪಿಗೆ ಎಳೆಯಲಾಗುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಗಾಳಿ ನಿಧಾನಕ್ಕೆ ಸೋರಿ ಒಳಗೆ ಹೋಗುತ್ತದೆ, ಮತ್ತೆ ಸ್ಟಾರ್ಟ್. ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್ ಕೆಟ್ಟ ಹಾಗೇ ಕಾಣುತ್ತದೆ, ಆದರೆ ಒಂದು ಸೂಜಿಯಲ್ಲಿ ಮುಗಿಯುವ ಕೆಲಸ. ಎಷ್ಟೋ ಜನ ಮುಚ್ಚಳಕ್ಕೂ ಸೇರಿಸಿ ಬಣ್ಣ ಬಳಿದುಬಿಡುತ್ತಾರೆ, ರಂಧ್ರ ಅಲ್ಲಿಗೆ ಮುಚ್ಚಿತು.

ಆಮೇಲೆ ಏರ್ ಕ್ಲೀನರ್ ತೆಗೆದು ಕಾರ್ಬೊರೇಟರ್ ಬಾಯಿಗೆ ಟಾರ್ಚ್ ಬಿಟ್ಟು ಆಕ್ಸಿಲರೇಟರ್ ಲಿಂಕನ್ನು ಕೈಯಲ್ಲಿ ಒಮ್ಮೆ ಎಳೆಯಿರಿ. ಎರಡು ಸಣ್ಣ ಧಾರೆ ಚಿಮ್ಮಬೇಕು. ಚಿಮ್ಮಿದರೆ ಕಾರ್ಬೊರೇಟರಿನ ಬೌಲಿನಲ್ಲಿ ಪೆಟ್ರೋಲ್ ಇದೆ, ನೀವು ಕರೆಂಟ್ ಕಡೆ ನೋಡಬೇಕು. ಚಿಮ್ಮದಿದ್ದರೆ ಪೆಟ್ರೋಲ್ ಕಡೆ. ಬಾಯಿಂದ ಹೊಗೆಯಂತೆ ಆವಿ ಬಂದು ಒಳಗೆಲ್ಲ ಒದ್ದೆಯಾಗಿ ಕಂಡರೆ ಅದು ಮೂರನೇ ಕಥೆ: ಬಿಸಿಗೆ ಬೌಲಿನ ಪೆಟ್ರೋಲ್ ಕುದ್ದು ಒಳಗೆ ಸುರಿದಿದೆ, ಪ್ಲಗ್ ನೆನೆದಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಕಪ್ಪು ಹೊಗೆ ಉಗುಳಿ ಸ್ಟಾರ್ಟ್ ಆದರೆ ಇದೇ ಅಂತ ಖಾತ್ರಿ.

ಸ್ಪಾರ್ಕ್ ನೋಡುವ ಮುಂಚೆ ಏರ್ ಕ್ಲೀನರ್ ವಾಪಸ್ ಕೂರಿಸಿ, ಇಲ್ಲವಾದರೆ ತೆರೆದ ಕಾರ್ಬೊರೇಟರ್ ಪಕ್ಕದಲ್ಲಿ ಕಿಡಿ ಹಾರಿಸಿದ ಹಾಗಾಗುತ್ತದೆ. ಸ್ಪಾರ್ಕ್ ದಪ್ಪ ನೀಲಿಯಾಗಿ ಪಟಪಟ ಅಂದರೆ ಸರಿ. ತೆಳ್ಳಗೆ ಹಳದಿಯಾಗಿದ್ದರೆ, ಅಥವಾ ಮಧ್ಯೆ ಮಧ್ಯೆ ತಪ್ಪುತ್ತಿದ್ದರೆ ಕರೆಂಟ್ ದೋಷ.

ಇನ್ನೂ ಅನುಮಾನ ಉಳಿದರೆ ಒದ್ದೆ ಬಟ್ಟೆಯ ಪರೀಕ್ಷೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೆಟ್ರೋಲ್ ಪಂಪಿನ ಮೇಲೆ ಎರಡು ನಿಮಿಷ ಹೊದಿಸಿ. ಸ್ಟಾರ್ಟ್ ಆದರೆ ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗುತ್ತಿದೆ. ಆಗಲಿಲ್ಲವೆಂದರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಾಯಿಲ್ ಮೇಲೆ ಇಡಿ. ಚೀಲ ಯಾಕೆಂದರೆ ಡಿಸ್ಟ್ರಿಬ್ಯೂಟರಿಗೆ ನೀರು ಇಳಿಯಬಾರದು. ಈಗ ಸ್ಟಾರ್ಟ್ ಆದರೆ ಕಾಯಿಲ್. ಒಂದು ಸಲಕ್ಕೆ ಒಂದನ್ನೇ ತಣ್ಣಗೆ ಮಾಡಿ. ಅವಸರದಲ್ಲಿ ಎರಡಕ್ಕೂ ಬಟ್ಟೆ ಹೊದಿಸಿದರೆ ಗಾಡಿಯೇನೋ ಹೊರಡುತ್ತದೆ, ಆದರೆ ನಿಮಗೆ ತಿಳಿದಿದ್ದು ಸೊನ್ನೆ.

ಕರೆಂಟ್ ಕಡೆ

ಫೋರ್ಡ್ ವಿ8ನ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂಭಾಗದಲ್ಲಿ ನೇರವಾಗಿ ಕ್ಯಾಮ್‌ಶಾಫ್ಟಿನ ತುದಿಗೆ ಕೂರುತ್ತದೆ. ಹಳೇ ಮಾದರಿಯಲ್ಲಿ ಕಾಯಿಲ್ ಕೂಡ ಅದರ ತಲೆಯ ಮೇಲೇ ಇದೆ. ಅಂದರೆ ಎಂಜಿನ್ನಿನ ಪೂರ್ತಿ ಶಾಖ ಕಾಯಿಲ್‌ಗೆ. ಕ್ಯಾರಿಯರಿನಲ್ಲಿ ಎಂಜಿನ್ ಉಕ್ಕಿನ ಪೆಟ್ಟಿಗೆಯೊಳಗೆ ಕೂತಿರುತ್ತದೆ, ಅಕ್ಕಪಕ್ಕದಲ್ಲಿ ಸೈನಿಕರು ಕೂರಬೇಕಲ್ಲ. ಕಾರಿನ ಬಾನೆಟ್ಟಿನ ಕೆಳಗೆ ಬಾಳಿದ ಕಾಯಿಲ್ ಇಲ್ಲಿ ಬಾಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಎಂಬತ್ತು ವರ್ಷ ಹಳೆಯ ಕಾಯಿಲ್ ಒಳಗಿನ ಇನ್ಸುಲೇಷನ್ ಬಿಸಿಗೆ ಬಿಟ್ಟುಕೊಂಡು ಸುತ್ತುಗಳು ಒಂದಕ್ಕೊಂದು ತಗಲುತ್ತವೆ, ತಣ್ಣಗಾದಾಗ ಮತ್ತೆ ದೂರ ಸರಿಯುತ್ತವೆ. ಮೀಟರಿನಲ್ಲಿ ಅಳೆಯುವುದಾದರೆ ಬಿಸಿಯಿರುವಾಗಲೇ ಅಳೆಯಿರಿ.

ಹೊಸ ಕಾಯಿಲ್ ಹಾಕಿದರೂ ತಿಂಗಳೊಪ್ಪತ್ತಿನಲ್ಲಿ ಅದೇ ರೋಗವೇ? ಹಾಗಾದರೆ ಕಾಯಿಲ್‌ಗೆ ಎಷ್ಟು ವೋಲ್ಟ್ ಬರುತ್ತಿದೆ ನೋಡಿ. ಫೋರ್ಡಿನ ಈ ವ್ಯವಸ್ಥೆಯಲ್ಲಿ ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟಾಗ ಯಾರೋ ಒಂದು ವೈರ್ ತುಂಡಿನಲ್ಲಿ ಶಾರ್ಟ್ ಮಾಡಿರುತ್ತಾರೆ, ಕೆಲಸ ಆಯ್ತಲ್ಲ ಅಂತ. ಇನ್ನು ಕೆಲವರು ಕೈಗೆ ಸಿಕ್ಕ ಬ್ಯಾಟರಿ ಹಾಕಿ ಕಾಯಿಲ್ ಹಳೆಯದನ್ನೇ ಉಳಿಸಿರುತ್ತಾರೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಸೇರಿಸಿ ಕಡಿಯುವ ಸ್ವಿಚ್) ಮುಚ್ಚಿರುವಾಗ ಕಾಯಿಲ್ ಟರ್ಮಿನಲ್ಲಿನಲ್ಲಿ ಅಳೆಯಿರಿ. ಅಲ್ಲಿ ಪೂರ್ತಿ ಬ್ಯಾಟರಿ ವೋಲ್ಟೇಜ್ ಸಿಕ್ಕರೆ ಆ ರೆಸಿಸ್ಟರ್ ಲೆಕ್ಕಕ್ಕೇ ಇಲ್ಲ. ಎಷ್ಟು ಕಾಯಿಲ್ ಹಾಕಿದರೂ ಸುಡುತ್ತಲೇ ಇರುತ್ತವೆ.

ಕಂಡೆನ್ಸರ್ ಕೂಡ ಬಿಸಿಗೆ ಸೋರುತ್ತದೆ. ಪಾಯಿಂಟ್ ಮುಖದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳಕೆಯಂತೆ ಲೋಹ ಎದ್ದಿದ್ದರೆ ಅನುಮಾನ ಅದರ ಮೇಲೆ. ಒಂದು ಮಾತು: ಈಗ ಬರುವ ಅಗ್ಗದ ಕಂಡೆನ್ಸರ್‌ಗಳು ಡಬ್ಬಿಯಿಂದ ತೆಗೆಯುವಾಗಲೇ ಕೆಟ್ಟಿರುವುದುಂಟು. ‘ಹೊಸದು ಹಾಕಿದ್ದೇನೆ’ ಅನ್ನುವುದು ಸಾಕ್ಷಿಯಲ್ಲ. ಈ ಎಂಜಿನ್ನಿಗೆ ಎರಡು ಜೊತೆ ಪಾಯಿಂಟ್ ಇರುತ್ತವೆ, ಗ್ಯಾಪ್ 14ರಿಂದ 16 ಥೌ (ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಥೌ). ಗಾಡಿಯಲ್ಲಿ ಕೈ ಹೋಗುವ ಜಾಗವೇ ಅಲ್ಲ ಅದು. ಡಿಸ್ಟ್ರಿಬ್ಯೂಟರ್ ಬಿಚ್ಚಿ ಟೇಬಲ್ ಮೇಲಿಟ್ಟು ಸೆಟ್ ಮಾಡಿ. ವಾಪಸ್ ಹಾಕುವಾಗ ಟೈಮಿಂಗ್ ತಪ್ಪುವ ಭಯ ಬೇಡ, ಅದರ ನಾಲಿಗೆ ಮಧ್ಯದಿಂದ ಸ್ವಲ್ಪ ಸರಿದಿರುವುದರಿಂದ ಒಂದೇ ರೀತಿಯಲ್ಲಿ ಕೂರುತ್ತದೆ.

ಹೊಸದಾಗಿ ಬಣ್ಣ ಬಳಿದ ಗಾಡಿಯಲ್ಲಿ ಅರ್ತ್ ಪರೀಕ್ಷೆ ಮರೆಯಬೇಡಿ. ಗಾಡಿಯ ಉಕ್ಕಿನ ಒಡಲಿನ (ಹಲ್) ಮೇಲೆ ನಾಲ್ಕು ಕೋಟ್ ಬಣ್ಣ, ಅದರ ಮೇಲೆ ಅರ್ತ್ ಬೋಲ್ಟ್. ಕರೆಂಟ್ ಎಲ್ಲಿಂದ ಹೋಗಬೇಕು? ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೂ ಎಂಜಿನ್ ಬ್ಲಾಕಿಗೂ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಬೋಲ್ಟಿನ ಕೆಳಗೆ ಹೊಳೆಯುವ ಉಕ್ಕು ಕಾಣುವ ತನಕ ಕೆರೆಯಿರಿ.

ಪೆಟ್ರೋಲ್ ಕಡೆ

ಇಲ್ಲಿ ಕಾಲದ ದೋಷವೂ ಇದೆ. ಈ ಎಂಜಿನ್ ಕಂಡಿದ್ದು 1940ರ ದಶಕದ ಪೆಟ್ರೋಲ್. ಈಗಿನದ್ದು ಬೇಗ ಆವಿಯಾಗುತ್ತದೆ, ಜೊತೆಗೆ ಎಥನಾಲ್. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ಅಂದರೆ ಶೇಕಡ ಹತ್ತರ ತನಕ ಎಥನಾಲ್ ಇರುವುದು. ಹಳೇ ರಬ್ಬರ್ ಹೋಸು, ಪಂಪಿನ ಹಳೇ ಡಯಾಫ್ರಮ್ ಇದಕ್ಕೆ ತಡೆಯುವುದಿಲ್ಲ. ಹೋಸ್ ಒಳಗೋಡೆ ಮೆತ್ತಗಾಗಿ ಎಳೆತಕ್ಕೆ ಅಂಟಿಕೊಳ್ಳುತ್ತದೆ, ಹೊರಗೆ ನೋಡಿದರೆ ಹೊಸದರಂತೆ ಇರುತ್ತದೆ. ಎಥನಾಲಿಗೆ ತಡೆಯುವ ರಬ್ಬರೇ ಹಾಕಿ.

ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲಾದರೂ ಕೂದಲೆಳೆಯ ಸೀಳಿದ್ದರೆ ಅದು ಪೆಟ್ರೋಲ್ ಸೋರಿಸುವುದಿಲ್ಲ, ಗಾಳಿ ಎಳೆಯುತ್ತದೆ. ನೆಲದ ಮೇಲೆ ಹನಿ ಹುಡುಕಿ ಸುಮ್ನೆ ಟೈಮ್ ಹಾಳು. ಪಂಪಿನ ಹತ್ತಿರ ಒಂದು ಪಾರದರ್ಶಕ ಹೋಸ್ ತುಂಡು ತಾತ್ಕಾಲಿಕವಾಗಿ ಸೇರಿಸಿ ಗುಳ್ಳೆ ಬರುತ್ತಿದೆಯಾ ನೋಡಿ.

ಪಂಪನ್ನು ಕ್ಯಾಮ್‌ಶಾಫ್ಟಿನಿಂದ ಒಂದು ಉದ್ದನೆಯ ಪುಷ್‌ರಾಡ್ ತಳ್ಳುತ್ತದೆ. ಆ ರಾಡ್ ಸವೆದು ಗಿಡ್ಡವಾದರೆ ಪಂಪಿನ ಹೊಡೆತ ಕಮ್ಮಿ. ತಣ್ಣಗಿದ್ದಾಗ ಹೇಗೋ ಸಾಗುತ್ತದೆ, ಬಿಸಿಯಾದಾಗ ಸಾಲುವುದಿಲ್ಲ. ಪಂಪ್ ಬದಲಾಯಿಸಿದರೂ ದೋಷ ಹೋಗದಿದ್ದರೆ ರಾಡ್ ತೆಗೆದು ಅಳೆಯಿರಿ. ಇದಕ್ಕೆಲ್ಲ ಶಾರ್ಟ್‌ಕಟ್ ಅಂತ ಎಲೆಕ್ಟ್ರಿಕ್ ಪಂಪ್ ಹಾಕುವವರಿದ್ದಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಈ ಕಾರ್ಬೊರೇಟರಿನ ಸೂಜಿ ಮೂರು ಮೂರೂವರೆ ಪಿಎಸ್‌ಐಗಿಂತ ಜಾಸ್ತಿ ಒತ್ತಡ ತಡೆಯುವುದಿಲ್ಲ. ಈಗಿನ ಕಾರಿನ ಪಂಪ್ ತಂದು ಜೋಡಿಸಿದರೆ ಪೆಟ್ರೋಲ್ ತುಂಬಿ ಹರಿಯುತ್ತದೆ. ಉಕ್ಕಿನ ಪೆಟ್ಟಿಗೆಯೊಳಗೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ.

ಹೀಟ್ ಎಲ್ಲಿಂದ

ನಿಲ್ಲುವುದು ರೋಗದ ಲಕ್ಷಣ ಮಾತ್ರ. ಹೀಟ್ ಯಾಕೆ ಅನ್ನುವುದು ಮುಖ್ಯ, ಅಲ್ವಾ?

ಸೈಡ್ ವಾಲ್ವ್ ಫೋರ್ಡ್ ಹುಟ್ಟಿನಿಂದಲೇ ಬಿಸಿ ಸ್ವಭಾವದ್ದು. ವಾಲ್ವುಗಳು ವಿ ಆಕಾರದ ಒಳಗಡೆ, ಸೈಲೆನ್ಸರ್ ಪೈಪು ಹೊರಗಡೆ. ಸುಟ್ಟ ಗಾಳಿ ಬ್ಲಾಕಿನ ಮಧ್ಯದಿಂದ, ನೀರಿನ ಜಾಕೆಟ್ ದಾಟಿ ಹೊರಗೆ ಬರಬೇಕು. ಒಂದೊಂದು ಬದಿಯಲ್ಲಿ ಸಿಲಿಂಡರ್ ನಾಲ್ಕು, ಹೊರಗೆ ಬರುವ ದಾರಿ ಮೂರೇ. ನಡುವಿನ ಎರಡು ಸಿಲಿಂಡರಿಗೆ ಒಂದೇ ಬಾಯಿ. ಹಾಗಾಗಿ ನಡುಭಾಗದಲ್ಲಿ ಶಾಖ ಜಾಸ್ತಿ. ನೀರು ಚೆನ್ನಾಗಿ ಓಡಾಡುತ್ತಿದ್ದರೆ ಇದು ಸಮಸ್ಯೆಯೇ ಅಲ್ಲ. ಮರುಭೂಮಿಯಲ್ಲೇ ಓಡಾಡಿದ ಎಂಜಿನ್ ಇದು. ‘ಫೋರ್ಡ್ ವಿ8 ಅಂದರೆ ಹಾಗೇನೇ, ಕುದಿಯುತ್ತೆ’ ಅಂತ ಕೈ ಚೆಲ್ಲುವವರ ಮಾತು ಕೇಳಬೇಡಿ.

ಮೊದಲು ಮೀಟರ್ ಸುಳ್ಳು ಹೇಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎರಡೂ ಹೆಡ್ಡುಗಳಿಂದ ನೀರು ಹೊರಬರುವ ಜಾಗಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಅದು ಕಮ್ಮಿ ತೋರಿಸುತ್ತದೆ, ಕಪ್ಪು ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ. ಈ ಎಂಜಿನ್ನಿಗೆ ನೀರಿನ ಪಂಪ್ ಎರಡು, ಬದಿಗೊಂದು. ಮೇಲಿನ ಹೋಸ್ ಕೂಡ ಎರಡು. ಆದ್ದರಿಂದ ಹೋಲಿಸಿ ನೋಡುವುದು ಸುಲಭ. ಒಂದು ಬದಿ ಮಾತ್ರ ಬಿಸಿಯಾದರೆ ದೋಷ ಆ ಬದಿಯ ಪಂಪಿನಲ್ಲಿದೆ, ಥರ್ಮೋಸ್ಟಾಟಿನಲ್ಲಿದೆ, ಇಲ್ಲವೇ ಬ್ಲಾಕಿನ ಆ ಅರ್ಧದಲ್ಲಿದೆ. ಎರಡೂ ಒಂದೇ ಸಮ ಬಿಸಿಯಾದರೆ ರೇಡಿಯೇಟರ್, ಬೆಲ್ಟು, ಟೈಮಿಂಗ್, ಸೈಲೆನ್ಸರ್ ಕಡೆ ನೋಡಿ.

ಒಂದು ಬದಿಯ ವಿಷಯಕ್ಕೇ ಬರೋಣ. ಆ ಬದಿಯ ಬ್ಲಾಕಿನ ಕೆಳಗಿನ ಡ್ರೈನ್ ಟ್ಯಾಪ್ ತೆಗೆಯಿರಿ. ನಮ್ಮ ಶೆಡ್ಡಿನ ಗಾಡಿಯೊಂದರಲ್ಲಿ ಟ್ಯಾಪ್ ಪೂರ್ತಿ ಬಿಚ್ಚಿ ಕೈಗೆ ಬಂದರೂ ಒಂದು ಹನಿ ನೀರು ಬೀಳಲಿಲ್ಲ. ರೇಡಿಯೇಟರಿನಲ್ಲಿ ನೀರು ಕತ್ತಿನ ತನಕ ಇತ್ತು. ತೂತಿನೊಳಗೆ ತಂತಿ ಹಾಕಿ ತಿರುಗಿಸಿದಾಗ ಮೊದಲು ಏನೂ ಇಲ್ಲ, ಆಮೇಲೆ ರಾಗಿ ಅಂಬಲಿಯಂಥ ಕೆಂಗಂದು ರಾಡಿ ನಿಧಾನಕ್ಕೆ ಇಳಿಯಿತು, ಕೊನೆಗೆ ನೀರು. ರಾಡಿಯನ್ನು ಬಟ್ಟೆಯಲ್ಲಿ ಸೋಸಿದರೆ ಅದರಲ್ಲಿ ತುಕ್ಕು ಮಾತ್ರವಲ್ಲ, ಎರಕದ ಮರಳೂ ಇತ್ತು. ಫೌಂಡ್ರಿಯಲ್ಲಿ ಬ್ಲಾಕ್ ಎರೆದಾಗ ಉಳಿದ ಮರಳು ಅದು, ಜೊತೆಗೆ ಅಚ್ಚಿನ ತಂತಿಯ ತುಂಡುಗಳು. ಫೋರ್ಡ್ ವಿ8ನಲ್ಲಿ ಇದು ಹೊಸ ಸುದ್ದಿಯಲ್ಲ.

ಹೀಗಿದ್ದರೆ ಹೋಸ್ ಹಿಡಿದು ಮೇಲಿಂದ ನೀರು ಬಿಟ್ಟು ಪ್ರಯೋಜನವಿಲ್ಲ. ಎರಡೂ ಪಂಪ್ ಬಿಚ್ಚಿ, ಕೋರ್ ಪ್ಲಗ್ (ಬ್ಲಾಕಿನ ತೂತು ಮುಚ್ಚಿದ ಬಿರಡೆ) ತೆಗೆದು, ಬಗ್ಗುವ ತಂತಿಯಲ್ಲಿ ಒಳಗೆ ಕೆದಕಿ, ಕೆಳಗಿಂದ ಮೇಲಕ್ಕೆ ನೀರು ಹೊಡೆಯಿರಿ. ಹಿಂದಿನ ಸಿಲಿಂಡರ್‌ಗಳ ಬುಡದಲ್ಲಿ ಜಾಸ್ತಿ ಕೂತಿರುತ್ತದೆ. ಆಮೇಲೆ ಸಿಟ್ರಿಕ್ ಆ್ಯಸಿಡ್ ನೀರಿನಲ್ಲಿ ನೆನೆಸಿ ಮತ್ತೊಮ್ಮೆ ತೊಳೆಯಿರಿ. ರೇಡಿಯೇಟರ್ ಜೋಡಿಸದೆ ಇದನ್ನು ಮಾಡಿ, ಇಲ್ಲದಿದ್ದರೆ ಬ್ಲಾಕಿನ ಕೊಳೆಯೆಲ್ಲ ರೇಡಿಯೇಟರ್ ಟ್ಯೂಬಿಗೆ.

ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕಿನ ಅನುಮಾನವಿದ್ದರೆ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಬಿಸಿಯಾಗುವ ಮುಂಚೆಯೇ ಎಡೆಬಿಡದೆ ಗುಳ್ಳೆ ಬಂದರೆ ಸುಟ್ಟ ಗಾಳಿ ನೀರಿಗೆ ಸೇರುತ್ತಿದೆ. ನೀಲಿ ದ್ರವದ ಟೆಸ್ಟ್ ಕಿಟ್ ಸಿಗುತ್ತದೆ, ದ್ರವ ಹಳದಿಗೆ ತಿರುಗಿದರೆ ಖಾತ್ರಿ. ಆಮೇಲೆ ಕಂಪ್ರೆಷನ್ ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಮ್ಮಿ ಇದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿದೆ. ಒಂದೇ ಕಮ್ಮಿ ಇದ್ದು ಗುಳ್ಳೆಯೂ ಬಂದರೆ ಹೆಡ್ ಎತ್ತಿ ವಾಲ್ವ್ ಸೀಟಿನಿಂದ ಬೋರಿನ ಕಡೆಗೆ ಬಿರುಕು ಹುಡುಕಿ. ಬಿರುಕು ಬೀಳುವ ಜಾಗ ಅದೇ.

ಹೆಡ್ ಎತ್ತುವ ಮುಂಚೆ ಅದನ್ನು ಬಿಗಿದಿರುವ ಸ್ಟಡ್ ಎಣಿಸಿ. ಬದಿಗೆ 21 ಇದ್ದರೆ ಹಳೇ ವಿನ್ಯಾಸ, 24 ಇದ್ದರೆ 1938ರ ಕೊನೆಯಿಂದ ಬಂದದ್ದು. ಗ್ಯಾಸ್ಕೆಟ್ ತರಿಸಲು ಇದು ಬೇಕು, ಚರಿತ್ರೆಗೂ ಬೇಕು. ಸ್ಟಡ್‌ಗಳು ನೀರಿನ ಜಾಕೆಟ್ಟಿಗೇ ಇಳಿಯುತ್ತವೆ, ಹಾಗಾಗಿ ಸ್ಟಡ್ಡಿನ ಥ್ರೆಡ್ಡಿಗೆ ಸೀಲೆಂಟ್ ಹಚ್ಚದೆ ಹಾಕಬೇಡಿ.

ಎರಡೂ ಬದಿ ಸಮ ಬಿಸಿಯಾಗುವುದಾದರೆ ವ್ಯಾಕ್ಯೂಮ್ ಗೇಜ್ ಜೋಡಿಸಿ. ಐಡ್ಲಿಂಗಿನಲ್ಲಿ 18ರಿಂದ 20 ಇಂಚಿನ ಹತ್ತಿರ ಮುಳ್ಳು ಅಲುಗದೆ ನಿಲ್ಲಬೇಕು. ರೇಸ್ ಮಾಡಿ ಹಿಡಿದಾಗ ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಸೈಲೆನ್ಸರ್ ಒಳಗೆ ತಗಡು ಕಳಚಿ ದಾರಿ ಕಟ್ಟಿದೆ. ಐಡ್ಲಿಂಗಿನಲ್ಲೇ ಒಂದೇ ಸಮ ಕಮ್ಮಿ ಇದ್ದರೆ ಟೈಮಿಂಗ್ ಹಿಂದೆ ಬಿದ್ದಿರಬಹುದು, ಅದೂ ಹೀಟಿಗೆ ಕಾರಣ. ರೇಡಿಯೇಟರ್ ಸುತ್ತಲಿನ ತಗಡು, ಎಂಜಿನ್ ಕವರ್ ಎಲ್ಲ ಜಾಗದಲ್ಲಿ ಇದೆಯಾ ನೋಡಿ. ಎಂಜಿನ್ ಕಾಣಲಿ ಅಂತ ಕವರ್ ತೆಗೆದು ಮೆರವಣಿಗೆ ಮಾಡುವವರ ಗಾಡಿಯಲ್ಲಿ ಫ್ಯಾನ್ ಅದೇ ಬಿಸಿ ಗಾಳಿಯನ್ನು ಮತ್ತೆ ಮತ್ತೆ ಎಳೆಯುತ್ತಿರುತ್ತದೆ.

ಎಡಕ್ಕೆ ಎಳೆಯುವುದು

ಕ್ಯಾರಿಯರಿನ ಸ್ಟೀರಿಂಗ್ ವಿಶೇಷ. ಸ್ಟೀರಿಂಗ್ ಚಕ್ರ ಸ್ವಲ್ಪ ತಿರುಗಿಸಿದರೆ ಮುಂದಿನ ಬೋಗಿಗಳನ್ನು (ಟ್ರ್ಯಾಕ್ ಮೇಲೆ ಉರುಳುವ ಜೋಡಿ ಚಕ್ರಗಳನ್ನು) ಹಿಡಿದಿರುವ ಅಡ್ಡ ಕೊಳವೆ ಪಕ್ಕಕ್ಕೆ ಸರಿಯುತ್ತದೆ, ಟ್ರ್ಯಾಕ್ ಬಿಲ್ಲಿನಂತೆ ಬಾಗುತ್ತದೆ, ಗಾಡಿ ಮೆಲ್ಲಗೆ ತಿರುಗುತ್ತದೆ. ಇನ್ನೂ ತಿರುಗಿಸಿದರೆ ಆ ಕಡೆಯ ಟ್ರ್ಯಾಕಿಗೆ ಬ್ರೇಕ್ ಬೀಳುತ್ತದೆ. ವರ್ಷಗಟ್ಟಲೆ ಹೊಲದ ಮೂಲೆಯಲ್ಲಿ ನಿಂತ ಗಾಡಿಯಲ್ಲಿ ಈ ಕೊಳವೆ ತುಕ್ಕು ಹಿಡಿದು ಒಂದು ಕಡೆ ಸೀಜ್ ಆಗಿರುತ್ತದೆ. ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಇನ್ನೊಬ್ಬರು ಕೆಳಗೆ ನೋಡಲಿ. ಎರಡೂ ಕಡೆಗೆ ಸಮನಾಗಿ ಸರಿಯಬೇಕು.

ಅದು ಸರಿಯಿದ್ದರೆ ಒಂದು ಸುತ್ತು ಓಡಿಸಿ, ಬ್ರೇಕ್ ಮುಟ್ಟದೆ ನಿಲ್ಲಿಸಿ, ಹಿಂದಿನ ಎರಡೂ ಬ್ರೇಕ್ ಡ್ರಮ್ಮಿನ ಬಿಸಿ ಅಳೆಯಿರಿ. ಎಡಗಡೆಯದು ತುಂಬಾ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಎಂಜಿನ್ ಹೀಟಿಗೂ ಇದು ಕಾರಣವಾಗುತ್ತದೆ, ಯಾಕೆಂದರೆ ಎಂಜಿನ್ ಇಡೀ ದಾರಿ ಬ್ರೇಕನ್ನು ಎಳೆದುಕೊಂಡು ಹೋಗುತ್ತಿರುತ್ತದೆ. ಟ್ರ್ಯಾಕ್ ವಿಪರೀತ ಬಿಗಿ ಮಾಡಿದರೂ ಹಾಗೇ. ಎರಡೂ ಟ್ರ್ಯಾಕಿನ ಜೋಲು ಸಮ ಇರಲಿ.

ಇವೆಲ್ಲ ಸರಿಯಿದ್ದೂ ಎಳೆದರೆ ತಳದ ತಗಡು ನೋಡಿ, ಒಡಲಿನ ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ಎರಡು ಅಳತೆಯಲ್ಲಿ ವ್ಯತ್ಯಾಸ ಬಂದು, ತಳದಲ್ಲಿ ಒಳಮುಖ ಉಬ್ಬೋ ದೊಡ್ಡ ವೆಲ್ಡಿಂಗ್ ತೇಪೆಯೋ ಇದ್ದರೆ ಗಾಡಿ ನೆಲಬಾಂಬಿನ ಮೇಲೆ ಹೋಗಿದ್ದಿರಬಹುದು. ಕ್ಯಾರಿಯರ್‌ಗಳಿಗೆ ಇದು ಅಪರೂಪವಲ್ಲ. ಬಾಂಬೆ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ದಳದ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮಿಂದ್ರ ಸಿಂಗ್ ಭಗತ್ 1941ರ ಆರಂಭದಲ್ಲಿ ಸುಡಾನ್–ಇಥಿಯೋಪಿಯಾ ಗಡಿಯ ಗಲ್ಲಾಬಾತ್–ಮೆಟೆಮ್ಮ ಕಡೆಯಿಂದ ಮುನ್ನುಗ್ಗುವಾಗ ಸಾಲಿನ ಮೊದಲ ಕ್ಯಾರಿಯರಿನಲ್ಲಿದ್ದರು. ನಾಲ್ಕು ದಿನ, 55 ಮೈಲಿ, 15 ಮೈನ್‌ಫೀಲ್ಡ್. ಅವರು ಕೂತಿದ್ದ ಕ್ಯಾರಿಯರ್ ಎರಡು ಸಲ ಸ್ಫೋಟಕ್ಕೆ ಸಿಕ್ಕಿತು. ಆ ಕೆಲಸಕ್ಕೆ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಹಾಗಂತ ತಳ ಉಬ್ಬಿದ ಗಾಡಿಯೆಲ್ಲ ಯುದ್ಧ ಕಂಡಿದ್ದು ಅಂತಲ್ಲ. ಬಂಡೆಯ ಮೇಲೆ ಹತ್ತಿಸಿದ ಟ್ರ್ಯಾಕ್ಟರ್ ಡ್ರೈವರ್ ಕೂಡ ತಳ ಉಬ್ಬಿಸಬಲ್ಲ. ತೇಪೆಯ ಕೆಳಗೆ ಸೇನೆಯ ಬಣ್ಣ ಇದೆಯೋ, ತೇಪೆಯ ಮೇಲೂ ಇದೆಯೋ ನೋಡಿ. ಮೇಲೂ ಇದ್ದರೆ ರಿಪೇರಿ ಸೇನೆಯಲ್ಲಿದ್ದಾಗಲೇ ಆಗಿದೆ.

ಗಾಡಿ ಯಾರದ್ದು

ಎಂಜಿನ್ ನಂಬರ್ ಹಿಡಿದು ಚರಿತ್ರೆ ಹುಡುಕಬೇಡಿ. ಎಂಜಿನ್ ಅನ್ನುವುದು ಸೇನೆಗೆ ಟೈರಿನ ಹಾಗೆ, ಸವೆದರೆ ಬದಲಿಸುವ ವಸ್ತು. ಯುದ್ಧ ಮುಗಿದ ಮೇಲೆ ಹೊಲಕ್ಕೆ ಹೋದ ಗಾಡಿಗಳಿಗೆ ಲಾರಿಯದ್ದೋ ಕಾರಿನದ್ದೋ ಫೋರ್ಡ್ ವಿ8 ಹಾಕಿದ್ದಾರೆ. ನಿಮ್ಮ ಹೀಟ್ ದೋಷ ಆ ಎಂಜಿನ್ನಿನ ಜೊತೆಗೇ ಬಂದಿರಬಹುದು, ಗಾಡಿಯದ್ದೇ ಅಲ್ಲದಿರಬಹುದು.

ಬೇಕಾಗಿರುವುದು ಒಡಲಿನ ನಂಬರ್, ತಯಾರಕರ ಪ್ಲೇಟ್, ಮತ್ತೆ ಟಿ ನಂಬರ್. ಬ್ರಿಟಿಷ್ ಸೇನೆ ಟ್ರ್ಯಾಕ್ ಇರುವ ಯುದ್ಧ ಗಾಡಿಗಳಿಗೆ ಟಿ ಅಕ್ಷರದಿಂದ ಶುರುವಾಗುವ ಸಂಖ್ಯೆ ಕೊಟ್ಟು ಬಿಳಿ ಬಣ್ಣದಲ್ಲಿ ಬರೆಯುತ್ತಿತ್ತು. ಕೆನಡಾ ಸೇನೆಯದ್ದಾದರೆ ‘ಸಿ’, ‘ಟಿ’ ಎರಡು ಅಕ್ಷರ. ಹುಡುಕುವ ಬಗೆ ಇದು: ಶೆಡ್ಡಿನ ದೀಪ ಆರಿಸಿ, ಟಾರ್ಚನ್ನು ತಗಡಿಗೆ ತಾಗುವಂತೆ ಅಡ್ಡಡ್ಡ ಹಿಡಿಯಿರಿ. ಬ್ರಶ್ಶಿನಿಂದ ಬರೆದ ಅಂಕಿಯ ಅಂಚು ಮೇಲಿನ ಬಣ್ಣದ ಕೆಳಗೂ ಸಣ್ಣ ಏರಿಯಾಗಿ ಉಳಿದಿರುತ್ತದೆ, ನೆರಳು ಬೀಳುತ್ತದೆ. ಅಲ್ಲಿ 600 ನಂಬರಿನ ವಾಟರ್ ಪೇಪರನ್ನು ನೀರು ಹಾಕಿಕೊಂಡು ಬೆರಳ ತುದಿಯಲ್ಲಿ ಉಜ್ಜಿ. ಬಣ್ಣ ಬದಲಾದ ಕಡೆಯೆಲ್ಲ ನಿಲ್ಲಿಸಿ ಫೋಟೊ. 3 ಹೌದೋ 8 ಹೌದೋ ತಿಳಿಯದಿದ್ದರೆ ಎರಡನ್ನೂ ಬರೆದಿಡಿ. ನಿಮಗೆ ಇಷ್ಟವಾದದ್ದನ್ನು ಆರಿಸಬೇಡಿ.

ಉಜ್ಜಿದ ಜಾಗದಲ್ಲಿ ಪದರಗಳು ಉಂಗುರದಂತೆ ಕಾಣುತ್ತವೆ. ಉಕ್ಕಿನ ಹತ್ತಿರ ಪ್ರೈಮರ್, ಅದರ ಮೇಲೆ ಯುದ್ಧದ ಆರಂಭದ ಕಾಕಿ ಹಸಿರು, ಅಥವಾ ಯುದ್ಧದ ನಡುಗಾಲದ ಎಸ್‌ಸಿಸಿ 2 (ಸೇನೆ ತನ್ನ ಬಣ್ಣಗಳಿಗೆ ಕೊಟ್ಟ ಸಂಖ್ಯೆ) ಕಂದು, ಅಥವಾ 1944ರ ಏಪ್ರಿಲ್‌ನಿಂದ ಬಂದ ಎಸ್‌ಸಿಸಿ 15 ಆಲಿವ್. ತಿಳಿ ಮರಳು ಬಣ್ಣ ಸಿಕ್ಕರೆ ಮರುಭೂಮಿಯ ಕಡೆ ಯೋಚಿಸಿ. ಹೊಳಪಿನ ಕಡು ಹಸಿರು ಯುದ್ಧಾನಂತರದ್ದು. 1949ರಲ್ಲಿ ಸೇನೆ ನಂಬರ್ ಪದ್ಧತಿಯನ್ನೇ ಬದಲಿಸಿತು, ಎರಡು ಅಂಕಿ, ಎರಡು ಅಕ್ಷರ, ಮತ್ತೆ ಎರಡು ಅಂಕಿ. ಅಂಥ ನಂಬರ್ ಹಸಿರಿನ ಮೇಲೆ ಸಿಕ್ಕರೆ ಗಾಡಿ ಆಗಲೂ ಬ್ರಿಟಿಷ್ ಸೇನೆಯಲ್ಲೇ ಇತ್ತು. ಬಾಗಿಲು, ಮುಚ್ಚಳದಂಥ ಬಿಚ್ಚುವ ಭಾಗಗಳ ಮೇಲೆ ಮಾತ್ರ ನೋಡಬೇಡಿ, ಅವು ಬೇರೆ ಗಾಡಿಯದ್ದಾಗಿರಬಹುದು.

ಟಿ ನಂಬರ್ ಸಿಕ್ಕರೆ ಬೋವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಂ ದಾಖಲೆಗಳಿಂದ ಯಾವ ಕಾಂಟ್ರ್ಯಾಕ್ಟು, ಯಾರು ಕಟ್ಟಿದರು ಅನ್ನುವುದು ತಿಳಿಯಬಹುದು. ಥಾರ್ನಿಕ್ರಾಫ್ಟ್, ಸೆಂಟಿನೆಲ್, ಅವೆಲಿಂಗ್ ಬಾರ್ಫೋರ್ಡ್, ಡಗೆನ್‌ಹ್ಯಾಮಿನ ಫೋರ್ಡ್, ಹೀಗೆ. ಆದರೆ ಯಾವ ಪಡೆಗೆ ಹೋಯಿತು ಅನ್ನುವುದು ಅದರಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ಪಡೆಯ ಗುರುತು ಬೇಕು. ಒಂದು ಡಿವಿಷನ್ ಚಿಹ್ನೆ, ಇನ್ನೊಂದು ಬಣ್ಣದ ಚೌಕದೊಳಗೆ ಬಿಳಿ ಅಂಕಿ. ಕಾಲಾಳು ಪಡೆಯಲ್ಲಿ ಹಿರಿಯ ಬ್ರಿಗೇಡಿಗೆ ಕೆಂಪು, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ಕಂದು ಚೌಕ. ಅವೇ ಅಂಕಿಗಳು ಎಲ್ಲ ಡಿವಿಷನ್ನಿನಲ್ಲೂ ಇರುವುದರಿಂದ ಚೌಕ ಒಂದೇ ಸಿಕ್ಕರೆ ಸಾಲದು, ಚಿಹ್ನೆಯೂ ಬೇಕು. ಕೆಂಪು ಹದ್ದು ಕಂಡರೆ ನಾಲ್ಕನೇ ಭಾರತೀಯ ಡಿವಿಷನ್, ಕಪ್ಪಿನ ಮೇಲೆ ಕೆಂಪು ವೃತ್ತ ಐದನೆಯದು, ಕಪ್ಪು ಬೆಕ್ಕು ಹದಿನೇಳನೆಯದು. ನಮ್ಮ ಕಡೆಯವರಿಗೆ ಇವು ಸಿಕ್ಕಾಗ ಎದೆ ಬಡಿತ ಸ್ವಲ್ಪ ಜಾಸ್ತಿಯಾಗುವುದು ಸಹಜ. ಅಂಥ ಹೊತ್ತಲ್ಲೇ ಪೇಪರ್ ಕೆಳಗಿಟ್ಟು ಫೋಟೊ ತೆಗೆಯಬೇಕು.

ಪಡೆ ಗೊತ್ತಾದರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ವಾರ್ ಡೈರಿ (ಪಡೆ ಯುದ್ಧಕಾಲದಲ್ಲಿ ಬರೆದಿಟ್ಟ ದಿನಚರಿ) ಓದಬಹುದು. ಮಧ್ಯಪ್ರಾಚ್ಯದ ಸೇನೆಯದು ಡಬ್ಲ್ಯೂಒ (ವಾರ್ ಆಫೀಸ್) ಸರಣಿಯ 169ರಲ್ಲಿ, ಇಟಲಿ ಕಡೆಯದು 170ರಲ್ಲಿ, ನಾರ್ಮಂಡಿಯಿಂದ ಜರ್ಮನಿವರೆಗಿನದು 171ರಲ್ಲಿ, ಬರ್ಮಾ 172ರಲ್ಲಿ. ಭಾರತೀಯ ಪಡೆಗಳ ಡೈರಿಗಳೂ ಇವುಗಳಲ್ಲಿವೆ. ಡೈರಿಯಲ್ಲಿ ‘ಕ್ಯಾರಿಯರ್ ಒಂದು ಮೈನಿಗೆ ಸಿಕ್ಕಿತು’ ಅಂತ ಇರುತ್ತದೆ, ನಂಬರ್ ಇರುವುದು ಬಹಳ ಅಪರೂಪ. 1944ರ ಬ್ರಿಟಿಷ್ ಬೆಟಾಲಿಯನ್ನಿನ ಕ್ಯಾರಿಯರ್ ಪ್ಲಟೂನಿನಲ್ಲೇ 13 ಗಾಡಿ. ಆ ಹದಿಮೂರರಲ್ಲಿ ನಿಮ್ಮದೇ ಅದು ಅಂತ ಹೇಳಲು ಡೈರಿ ಒಂದೇ ಸಾಲದು.

ಮಾರುವವರು ‘ಇದು ಡಿ ಡೇ ಗಾಡಿ’, ಅಂದರೆ 1944ರಲ್ಲಿ ನಾರ್ಮಂಡಿ ತೀರಕ್ಕೆ ಇಳಿದ ದಿನದ್ದು ಅಂತ ಹೇಳಿದರೆ ಮೊದಲು ಪ್ಲೇಟಿನ ವರ್ಷ ನೋಡಿ. 1944ರ ಕೊನೆಗೆ ಕಟ್ಟಿದ ಗಾಡಿ ಜೂನ್ 6ಕ್ಕೆ ಸಮುದ್ರ ದಾಟಲು ಸಾಧ್ಯವಿಲ್ಲ. ಒಡಲಿನ ಮೇಲಂಚಿನಲ್ಲಿ ನೀರು ತಡೆಯುವ ತಗಡಿನ ಪಟ್ಟಿ, ಸಂದಿಯಲ್ಲಿ ಒಣಗಿದ ಸೀಲಿಂಗ್ ಮುದ್ದೆ ಇದ್ದರೆ ಗಾಡಿಯನ್ನು ನೀರಿಗೆ ಇಳಿಯಲು ತಯಾರು ಮಾಡಿದ್ದರು ಅಂತ ಮಾತ್ರ ಅರ್ಥ. ಇಳಿದಿತ್ತು ಅಂತಲ್ಲ. ಯುದ್ಧದ ನಂತರ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಸೇನೆಗಳೂ ಇವನ್ನು ಬಳಸಿದವು, ಹಾಗಾಗಿ ಯುರೋಪಿನಿಂದ ಬಂದ ಗಾಡಿಯ ಮೇಲ್ಪದರ ಬ್ರಿಟಿಷರದ್ದೇ ಆಗಿರಬೇಕಿಲ್ಲ.

ಬಣ್ಣ ಬಳಿಯುವ ದಿನ ಬಂದಾಗ ಪಡೆಯ ಗುರುತು ಸಿಗದಿದ್ದರೆ ಸಿಕ್ಕಿದ ಟಿ ನಂಬರ್, ಸಿಕ್ಕಿದ ಪದರದ ಬಣ್ಣ, ಅಷ್ಟೇ ಬಳಿಯಿರಿ. ಚೌಕ ಬರೆಯುವ ಜಾಗ ಖಾಲಿ ಇರಲಿ. ಉಜ್ಜಿ ತೆರೆದ ಒಂದು ತುಂಡು ಜಾಗವನ್ನು ಒಳಗಡೆ, ಬಿಸಿಲು ಬೀಳದ ಕಡೆ, ಬಣ್ಣ ಬಳಿಯದೆ ಹಾಗೇ ಬಿಟ್ಟು ಅದರ ಮೇಲೆ ತೆಳ್ಳಗೆ ಮೇಣ ಹಚ್ಚಿ. ಅರ್ತ್ ಬೋಲ್ಟಿನ ಕೆಳಗೂ, ಟ್ಯಾಂಕ್ ಮುಚ್ಚಳದ ರಂಧ್ರಕ್ಕೂ ಟೇಪ್ ಅಂಟಿಸಿದ ಮೇಲೆಯೇ ಸ್ಪ್ರೇ ಗನ್ ಎತ್ತಿ.